ಸಾಹೇಬರು ಸಾಹೇಬರೊಡನೆ ಮಾತಾಡಿದ್ದು

ನಮ್ಮ ಚಿಕ್ಕಮ್ಮನಿಗೆ ನ್ಯಾಯಾಧೀಶರೆಂದರೆ ಒಂಚೂರೂ ಹೆದರಿಕೆಯಿಲ್ಲ. ನ್ಯಾಯಾಧೀಶರಿಗೇ ಅವಳ ಹೆದರಿಕೆ ಇತ್ತೆಂದು ನನ್ನ ಗುಮಾನಿ! ಇಲ್ಲದಿದ್ದರೆ ಅವಳ ಕೇಸು ಕೂಗಿದೊಡನೆ ಅವರು ಕನ್ನಡಕ ತೆಗೆದು ಒರೆಸುತ್ತ ಕೂರುತ್ತಿದ್ದುದೇಕೆ?

ಕೇಸು ಇಷ್ಟೆ. ತೊಂಬತ್ತೇಳರಲ್ಲಿ ಒಂದು ಬೆಳಿಗ್ಗೆ ಅವಳ ಗಂಡ, ಅಂದರೆ ನಮ್ಮ ಚಿಕ್ಕಪ್ಪ, ನಮ್ಮೂರು ಕೋಡಿಯಿಂದ ಸಣ್ಣ ದೋಣಿಯಲ್ಲಿ ಒಬ್ಬರೇ ಮೀನಿಗೆ ಹೋದರು. ಮಧ್ಯಾಹ್ನ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ದೋಣಿ ಮಗುಚಿಕೊಂಡು ಸಿಕ್ಕಿತು. ಚಿಕ್ಕಪ್ಪ ಸಿಗಲಿಲ್ಲ. ಮನೆ ಜಾಗ ಚಿಕ್ಕಪ್ಪ, ಅವರ ತಮ್ಮ ಇಬ್ಬರ ಹೆಸರಿನಲ್ಲಿತ್ತು. ಮುಂಬೈ ಹೋಟೆಲಿನಲ್ಲಿದ್ದ ತಮ್ಮ ಕೆಲವು ವರ್ಷದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದ. ಪಾಲಾಗದೆ ಮನೆ ಕಟ್ಟುವಂತಿಲ್ಲ. ಅಣ್ಣ ಇಲ್ಲವೆಂದು ತೀರ್ಮಾನವಾಗದೆ ಪಾಲಾಗುವಂತಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಹೋದರೆಂದು ತಿಳಿಯಬಹುದಂತೆ. ಅಷ್ಟಾದ ಮೇಲೆ ಅವನು ಕೋರ್ಟಿಗೆ ಹೋದ. ಅವನು ಕೆಟ್ಟವನೇ? ಅಲ್ಲ. ಆದರೆ ಹಾಗೆಂದು ಚಿಕ್ಕಮ್ಮನ ಎದುರು ಹೇಳುವ ಧೈರ್ಯ ಯಾರಿಗಿತ್ತು!

"ಜಾಗ ಪೂರಾ ಅವ್ನೇ ತಕಣ್ಲಿ," ಎಂದಳು ಅವಳು ನಮ್ಮ ವಕೀಲರಿಗೆ. "ಅರ್ಜಿಯಂಗೆ 'ಮೃತಪಟ್ಟಿರುತ್ತಾರೆ' ಅಂತ ಬರ್ದಿದ್ನಲೆ, ಆ ಒಂದ್ ಮಾತ್ ತೆಗಿಲಿ."

ವಕೀಲರು ತಲೆ ತುರಿಸಿಕೊಂಡರು. "ಅಮ್ಮಾ, ಆ ಒಂದು ಮಾತೇ ಕೇಸು!"

"ಹಂಗಾರೆ ಕೇಸನ್ನೇ ತೆಗ್ದ್ ಹಾಕಿ."

ನಾನು ಬ್ರಹ್ಮಾವರದಲ್ಲಿ ಟೀಚರು. ನನ್ನ ರಜೆಗಳೆಲ್ಲ ಮದುವೆ ಮುಂಜಿಗಲ್ಲ, ಚಿಕ್ಕಮ್ಮನ ಕೇಸಿನ ದಿನಗಳಿಗೇ ಖರ್ಚಾದವು. ಅಂಥ ದಿನ ಅವಳ ಹಣೆಯ ಕುಂಕುಮ ಮಾಮೂಲಿಗಿಂತ ಒಂದು ಸುತ್ತು ದೊಡ್ಡದು. ಸಾಕ್ಷಿ ಬೇಕಲ್ಲ! ಕೋಡಿಯಿಂದ ಬರುವ ಬಸ್ಸಿನಲ್ಲಿ ಮೈದುನನೂ ಇರುತ್ತಿದ್ದ. ಅವನೊಡನೆ ಮಾತಿಲ್ಲ. ಆದರೆ ಒಮ್ಮೆ ಕಂಡಕ್ಟರನನ್ನು ಕರೆದಳು: "ಹ್ವಾಯ್, ಹಿಂದಿನ ಸೀಟಿನವ್ರಿಗೆ ಹೇಳಿ, ಅವ್ರ ಚಪ್ಪಲಿ ಹರ್ದಿತ್ತ್. ಕೋರ್ಟಿಗೆ ಹೀಂಗ್ ಬಂದ್ರೆ ನಮ್ಮನಿ ಮರ್ಯಾದಿ ಎಂತ ಆತ್ತ್?"

ಕಂಡಕ್ಟರ್ ಇಬ್ಬರನ್ನೂ ನೋಡಿದ. ಮೈದುನ ಕಾಲನ್ನು ಸೀಟಿನ ಅಡಿಗೆ ಎಳೆದುಕೊಂಡ.

ಕಟಕಟೆಯಲ್ಲಿ ಅವಳದು ಒಂದೇ ಕತೆ. ಚಿಕ್ಕಪ್ಪ ಹೊರಟ ಆ ಬೆಳಗಿನ ಕತೆ. ಏನುಂಡರು, ಏನು ಹೇಳಿದರು, ಯಾವ ಕಡೆ ತಿರುಗಿದರು. ದೋಣಿ ನೂಕುವಲ್ಲಿಗೆ ಬಂದು ನಿಲ್ಲಿಸಿಬಿಡುತ್ತಿದ್ದಳು. ಅಲ್ಲಿಂದ ಮುಂದಿನದು ಅವಳ ಪಾಲಿಗೆ ನಡೆದೇ ಇಲ್ಲ! ಅಷ್ಟರಲ್ಲಿ ಸಾಹೇಬರಿಗೆ ವರ್ಗ. ಹೊಸಬರು ಬಂದರೆ ಕತೆ ಮತ್ತೆ ಚಿಕ್ಕಪ್ಪ ಉಂಡ ಗಂಜಿಯಿಂದ ಶುರು. ಹೀಗೇ ಒಬ್ಬ ಎಳೆಯ ನ್ಯಾಯಾಧೀಶರು ಬಂದು, "ಏನಮ್ಮ ನಿಮ್ಮ ವಿಷಯ?" ಎಂದು ಕೇಳಿದ ದಿನ ಅವಳು ಸಿಟ್ಟಿಗೆದ್ದಳು.

"ಹಿಂದಿನ ಸಾಹೇಬ್ರಿಗೆ ಎಲ್ಲ ಹೇಳಿದ್ದೆ. ಅವ್ರ್ ನಿಮ್ಗೆ ಹೇಳ್ಲಿಲ್ಯಾ? ನೀವ್ ನೀವ್ ಮಾತಾಡ್ಕಂತಿಲ್ಯಾ? ಮೀನ್ ಮಾರೂ ಹೆಂಗ್ಸ್ರ್ ನಾವೇ ದಿನಾ ಮಾತಾಡ್ಕಂತ್!"

ಕೋರ್ಟಿಗೆ ಕೋರ್ಟೇ ನಕ್ಕಿತು. ಆ ನ್ಯಾಯಾಧೀಶರು ಮಾತ್ರ ನಗಲಿಲ್ಲ. ಹಿರಿಯ ನ್ಯಾಯಾಧೀಶರೆಲ್ಲ ಸೇರಿದ ಒಂದು ಸಭೆಯಲ್ಲಿ ಈ ಮಾತನ್ನು ಎತ್ತಿದರಂತೆ. ವಕೀಲರು ಹೇಳಿದ್ದು: ಹೋಗುವವರು ಬರುವವರೊಡನೆ ಕೂತು ಹಳೆಯ ಕೇಸುಗಳನ್ನು ಮಾತಾಡಬೇಕು, ಹಳೆಯದನ್ನೇ ಮೊದಲು ಮುಗಿಸಬೇಕು, ಅದಕ್ಕೆ ದೊಡ್ಡವರೂ ಬಂದು ಕೂರಬೇಕು ಎಂದು ಅವರೆಲ್ಲ ಒಪ್ಪಿಕೊಂಡರಂತೆ. ಅದೆಲ್ಲ ಚಿಕ್ಕಮ್ಮನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಚಿಕ್ಕಮ್ಮ ಹೇಳುತ್ತಾಳೆ!

ಹಾಗೆ ಒಂದು ಶನಿವಾರದ ಲೋಕ ಅದಾಲತ್ತಿನಲ್ಲಿ ಇಬ್ಬರು ಕೂತಿದ್ದರು. ಹೈಕೋರ್ಟಿನಿಂದ ಬಂದ ಹಿರಿಯ ನ್ಯಾಯಮೂರ್ತಿ, ಪಕ್ಕದಲ್ಲಿ ಜಿಲ್ಲಾ ನ್ಯಾಯಾಧೀಶೆ. "ಕೂತುಕೊಳ್ಳಿ ಅಮ್ಮ," ಎಂದರು ನ್ಯಾಯಮೂರ್ತಿ. ಇಷ್ಟು ವರ್ಷ ನಿಂತವಳಿಗೆ ಕುರ್ಚಿ! ಅನುಮಾನದಿಂದಲೇ ತುದಿಯಲ್ಲಿ ಕೂತು ಶುರುಮಾಡಿದಳು. "ಆ ದಿನ ಬೆಳಿಗ್ಗೆ, ಸಾಹೇಬ್ರೆ..."

"ಬೇಡಮ್ಮ. ನಿಮ್ಮಿಂದ ಎಷ್ಟು ಸಲ ಹೇಳಿಸುವುದು? ಈ ಸಲ ನಾವು ಹೇಳುತ್ತೇವೆ. ತಪ್ಪಿದರೆ ತಿದ್ದಿ."

ಹೇಳತೊಡಗಿದರು. ಬೆಳಿಗ್ಗೆ ಗಂಜಿ ಉಂಡರು, ಸುಟ್ಟ ಒಣಮೀನಿನ ಜೊತೆ.

"ಉಪ್ಪಿನಕಾಯಿ," ಎಂದು ಜಿಲ್ಲಾ ನ್ಯಾಯಾಧೀಶೆ ಮೆಲ್ಲಗೆ ತಿದ್ದಿದರು. "ಒಣಮೀನು ಹಿಂದಿನ ದಿನವೇ ಮುಗಿದಿತ್ತು."

"ಹೌದೌದು, ಉಪ್ಪಿನಕಾಯಿ. ಅಂಗಳ ದಾಟುವಾಗ ತಿರುಗಿ, 'ಬಾಗಿಲು ಹಾಕಿಕೋ, ನಾಯಿ ಬರುತ್ತದೆ' ಎಂದರು."

"ಆಮೇಲೆ ದೋಣಿ ನೂಕಿಕೊಂಡು ಹೋದರು," ಎಂದರು ಆಕೆ. ಅವಳು ನಿಲ್ಲಿಸುತ್ತಿದ್ದಲ್ಲಿಗೇ ಇಬ್ಬರೂ ನಿಲ್ಲಿಸಿದರು.

ಚಿಕ್ಕಮ್ಮ ಏನನ್ನೂ ತಿದ್ದಲಿಲ್ಲ. ಅವಳು ಹೇಳುವಾಗ ಚಿಕ್ಕಪ್ಪ ಈಗಷ್ಟೇ ಅಂಗಳ ದಾಟಿದವರಂತೆ ಇರುತ್ತಿದ್ದರು. ಬೇರೆಯವರ ಬಾಯಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು.

"ಹೌದ್ ಸಾಹೇಬ್ರೆ," ಎಂದಳು. "ಮತ್ತ್ ಅವ್ರ್ ಬರ್ಲಿಲ್ಲ."

ಎದುರಿನ ಸಾಲಿನಲ್ಲಿ ಮೈದುನ ತಲೆ ತಗ್ಗಿಸಿದ.

"ಎಂದ್ ಹೋದ್ದ್ ಅಂತ ಬರಿತ್ರಿ?" ಎಂದು ಕೇಳಿದಳು.

ಸಾಹೇಬರಿಬ್ಬರೂ ಮುಖಮುಖ ನೋಡಿಕೊಂಡರು. "ತೀರಿಹೋದ ದಿನ ಬರೆಯುವುದಿಲ್ಲಮ್ಮ," ಎಂದರು ನ್ಯಾಯಮೂರ್ತಿ. "ಅದು ನಮಗ್ಯಾರಿಗೂ ಗೊತ್ತಿಲ್ಲ."

ಚಿಕ್ಕಮ್ಮ ಒಪ್ಪಿ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಕೇಸು ಮುಗಿಯಿತು.

ಹೊರಗೆ ಜಗಲಿಯ ಬೆಂಚಿನಲ್ಲಿ ಕೂತಳು. ಎಲ್ಲ ಸುಸೂತ್ರವಾಯಿತಲ್ಲ ಎಂದು ನಾನು ಹಗುರಾಗಿ ಏನೋ ಹೇಳಹೊರಟೆ.

"ಇನ್ನ್ ಯಾರೂ ಕೇಂತಿಲ್ಲ ಅಲ್ದಾ ಮಗಾ," ಎಂದಳು. "ಆ ದಿನ ಎಂತ ಆಯ್ತ್ ಅಂತ."

ಅಷ್ಟರಲ್ಲಿ ಕಂಬದ ಹತ್ತಿರ ನಿಂತಿದ್ದ ಮೈದುನ ಮೆಲ್ಲಗೆ ಎದುರಿಗೆ ಬಂದ.

"ಅತ್ತಿಗೆ, ಅಣ್ಣ ಹೋಪತ್ತಿಗೆ ನಾನ್ ಊರಂಗ್ ಇರ್ಲಿಲ್ಲ. ಇಷ್ಟ್ ವರ್ಷ ಸಾಹೇಬ್ರಿಗೆ ಹೇಳಿದ್ರಿ." ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. "ನಂಗ್ ಒಂದ್ ಸಲ ಹೇಳಿ."

ಚಿಕ್ಕಮ್ಮ ಅವನ ಮುಖ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು, ಬೆಂಚಿನಲ್ಲಿ ಅವನಿಗೆ ಜಾಗವಾಗುವಷ್ಟು ಸರಿದಳು.