ಹಡಗಿಗೆ ಡ್ರೈವರ್ ಕಡೆ ಯಾವುದು?

ನನ್ನ ಷಡ್ಡಕ ಸಿದ್ದರಾಜುವಿಗೆ ಐವತ್ತೈದು ದಾಟಿದರೂ ತಲೆಯಲ್ಲಿ ಒಂದು ಕೂದಲೂ ಉದುರಿಲ್ಲ. ನನ್ನ ದುಃಖವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ನನ್ನ ಹೆಂಡತಿ ನಾಗಲಕ್ಷ್ಮಿಯ ತಂಗಿ ಸರಸುವನ್ನು ಕಟ್ಟಿಕೊಂಡ ಈ ಮಹಾನುಭಾವನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರವಿದೆ, ಎರಡಂತಸ್ತಿನ ಮನೆಯಿದೆ, ಎಸಿ ಕಾರಿದೆ. ಸಕ್ಕರೆ ಕಾಯಿಲೆ ಮಾತ್ರ ಇಲ್ಲ. ಕಟ್ಟಾಯದ ನಮ್ಮ ಅತ್ತೆ ಮಲ್ಲಿಗಮ್ಮನವರು ನಾಟಿಕೋಳಿ ಸಾರು ಮಾಡಿದ ದಿನ ತೊಡೆ ಪೀಸು ಯಾವ ಅಳಿಯನ ತಟ್ಟೆಗೆ ಬೀಳುತ್ತದೆಂದು ನಾನು ಹೇಳಬೇಕಾಗಿಲ್ಲ. ಹಿರಿಯ ಅಳಿಯನಾದ ನನಗೆ ಕತ್ತು. (ಕತ್ತಿನಲ್ಲಿ ರುಚಿ ಜಾಸ್ತಿ ಎಂದು ಅವರ ವಾದ. ಹಾಗಿದ್ದರೆ ಅವನಿಗೇ ಬಡಿಸಬಹುದಲ್ಲ?)

ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಹೌದು, ಹೊಟ್ಟೆಕಿಚ್ಚೇ. ಹೆಸರು ಶಾಂತರಾಜು ಆದ್ದರಿಂದ ಹೊರಗೆ ಕಾಣುವುದಿಲ್ಲ, ಅಷ್ಟೇ.

ಒಂದೇ ಒಂದು ವಿಷಯದಲ್ಲಿ ಅವನು ನನ್ನ ಮುಂದೆ ಸೊನ್ನೆ. ಅದು ನೆರಳು. ಹಾಸನದಿಂದ ಹೊಳೆನರಸೀಪುರಕ್ಕೆ, ಅರಕಲಗೂಡಿಗೆ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಯಾವ ಊರಿಗೆ ಎಷ್ಟು ಗಂಟೆಗೆ ಹೊರಟರೆ ಬಸ್ಸಿನ ಯಾವ ಕಡೆ ಬಿಸಿಲು ಬೀಳುತ್ತದೆ ಎಂಬ ಮಹಾಶಾಸ್ತ್ರ ನನಗೆ ಬಾಯಿಪಾಠ. ನೆಂಟರಿಷ್ಟರೆಲ್ಲ ಬಸ್ಸು ಹತ್ತುವ ಮೊದಲು ನನಗೆ ಫೋನ್ ಮಾಡುತ್ತಾರೆ.

"ಶಾಂತರಾಜಣ್ಣ, ಸಂಜೆ ನಾಕರ ಬಸ್ಸಿಗೆ ನರಸೀಪುರಕ್ಕೆ ಓಯ್ತಾ ಇವ್ನಿ. ಎತ್ಲಾಗ್ ಕೂರ‍್ಲಿ?"

"ಬಾಗಿಲ ಕಡೆ ಕೂತ್ಕೊಳ್ಳಲಾ. ಡ್ರೈವರ್ ಕಡೆ ಕೂತ್ರೆ ಬೆಂದೋಯ್ತೀಯ."

ತೊಡೆ ಪೀಸು ಕೊಡದ ಅತ್ತೆ ಕೂಡ ಈ ವಿಷಯದಲ್ಲಿ ನನ್ನನ್ನೇ ಕೇಳುತ್ತಾರೆ. ಕಾರಿನಲ್ಲಿ ಓಡಾಡುವ ಸಿದ್ದರಾಜುವಿಗೆ ಸೂರ್ಯ ಹುಟ್ಟುವ ದಿಕ್ಕು ಗೊತ್ತಿದ್ದರೆ ಅದೇ ಹೆಚ್ಚು. ಹೆಂಡತಿ ಮನೆಯವರ ಕಣ್ಣಲ್ಲಿ ನನ್ನ ಮರ್ಯಾದೆ ನಿಂತಿದ್ದದ್ದು ಇದೊಂದರ ಮೇಲೆ.

ನಾನು ನಿವೃತ್ತನಾದ ತಿಂಗಳಲ್ಲೇ ಸಿದ್ದರಾಜು ಹಡಗಿನ ಮಾತೆತ್ತಿದ. ಮುಂಬೈಯಿಂದ ಗೋವಾಕ್ಕೆ ಹೋಗಿ ಮತ್ತೆ ಮುಂಬೈಗೆ ಬರುವ ದೊಡ್ಡ ಹಡಗು, ಎರಡೂ ಜೋಡಿ ಒಟ್ಟಿಗೆ. ನನಗೆ ನೀರೆಂದರೆ ಭಯ. ಆದರೆ ಬರುವುದಿಲ್ಲ ಎಂದರೆ ಅವನೊಬ್ಬನೇ ಹೋಗಿ ಬರುತ್ತಾನಲ್ಲ! ಒಪ್ಪಿಕೊಂಡೆ. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾವೆಲ್ಸ್ ಇಟ್ಟುಕೊಂಡಿರುವ ನಾಗೇಶನ ಮುಂದೆ ನಾಲ್ವರೂ ಹೋಗಿ ಕುಳಿತೆವು. ಅವನು ಹಡಗಿನ ನಕ್ಷೆ ಹರಡಿದ.

"ಬಾಲ್ಕನಿ ಇರೋ ರೂಮು ಎರಡೇ ಉಳಿದವೆ ಸಾ. ಒಂದು ಎಡಕ್ಕೆ, ಒಂದು ಬಲಕ್ಕೆ."

"ಎಡ ಬಲ ಕಟ್ಕೊಂಡು ನನಗೇನು? ಡ್ರೈವರ್ ಕಡೆ ಯಾವ್ದು, ಅದು ಹೇಳು."

"ಹಡಗಲ್ಲಿ ಡ್ರೈವರು ನಡುಮಧ್ಯದಲ್ಲಿರ‍್ತಾನೆ ಸಾ."

"ಬಸ್ಸು ಅಂದ್ಕೊಂಡು ಹೇಳಪ್ಪ!"

"ಅಂಗಾದ್ರೆ ಬಲಗಡೆ."

ಸಿದ್ದರಾಜು ನಕ್ಕು, "ಅಣ್ಣ, ಇದರಲ್ಲಿ ನೀವು ಪಂಡಿತ್ರು. ನೀವು ಮೊದಲು ಆರಿಸ್ಕೊಳಿ, ಮಿಕ್ಕಿದ್ದು ನಮಗೆ" ಎಂದ. (ಇದೇ ನನಗಾಗದ್ದು. ಈ ಮನುಷ್ಯ ಕೆಟ್ಟವನೂ ಅಲ್ಲ.)

ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ಹಡಗು ಹೊರಡುವುದು ಸಂಜೆ ನಾಲ್ಕಕ್ಕೆ. ಹೋಗುವುದು ದಕ್ಷಿಣಕ್ಕೆ. ಅಂದರೆ ನಾಲ್ಕು ಗಂಟೆಯ ನರಸೀಪುರದ ಬಸ್ಸೇ, ಕೆಳಗೆ ಚಕ್ರವಿಲ್ಲ ಅಷ್ಟೇ. ನೆರಳು ಬಾಗಿಲ ಕಡೆ, ಬಿಸಿಲು ಡ್ರೈವರ್ ಕಡೆ. ಸಿದ್ದರಾಜು ತನ್ನ ಅಷ್ಟೂ ಕೂದಲಿನ ಸಮೇತ ಬೇಯುವುದು ಕಣ್ಣಿಗೆ ಕಟ್ಟಿತು. "ನಮಗೆ ಎಡಗಡೆ" ಎಂದೆ.

ನಾಗೇಶ ತಲೆ ಕೆರೆದುಕೊಂಡ. "ಸಾ, ಸಾಮಾನ್ಯವಾಗಿ ಎಲ್ರೂ ಬಲಗಡೆ..."

"ನೀನು ಹುಟ್ಟಕ್ ಮುಂಚಿಂದ ಟಿಕೆಟ್ ಹರ‍್ದಿದೀನಿ. ಸುಮ್ನೆ ಬರ‍್ಕೊ."

ನನ್ನ ಶಾಸ್ತ್ರ ಸುಳ್ಳಾಗಲಿಲ್ಲ. ಮುಂಬೈ ಬಿಟ್ಟ ಸಂಜೆ ನಮ್ಮ ಬಾಲ್ಕನಿಯಲ್ಲಿ ಒಂದು ಹನಿ ಬಿಸಿಲಿರಲಿಲ್ಲ. ದೂರದಲ್ಲಿ ಮಸುಕು ಮಸುಕಾದ ಒಂದು ಗೆರೆ ಕಾಣುತ್ತಿತ್ತು. ಅದು ನೆಲ ಎಂದರು. ನಾನು ಕಾಲು ಚಾಚಿ, "ಹೆಂಗೈತೆ ನೆರಳು?" ಎಂದೆ. ಅಷ್ಟರಲ್ಲಿ ಹಡಗಿನ ಆ ಕಡೆಯಿಂದ ಹೋ ಎಂದು ಜನ ಕೂಗಿದ್ದು ಕೇಳಿಸಿತು. ನಾಗಲಕ್ಷ್ಮಿ ಫೋನ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಸಿದ್ದರಾಜುವಿನ ಸ್ಟೇಟಸ್. ಸಮುದ್ರವೆಲ್ಲ ಕುಂಕುಮ ಕಲಸಿದ ನೀರಾಗಿತ್ತು, ನಡುವೆ ಮುಳುಗುವ ಸೂರ್ಯ, ಮುಂದೆ ಸರಸು. ಗಾಳಿಗೆ ಹಾರುತ್ತಿರುವ ಅವನ ಕೂದಲು.

"ಅಲ್ಲಾ ಕಣ್ರೀ, ಜನ ದುಡ್ಡು ಕೊಟ್ಟು ಸಮುದ್ರಕ್ಕೆ ಬರೋದು ಇದನ್ನ ನೋಡಕ್ಕೆ. ನೆರಳಲ್ಲಿ ಕೂರಕ್ಕೆ ನಮ್ಮನೆ ಜಗಲಿ ಸಾಲ್ತಿರಲಿಲ್ವಾ?"

ಅತ್ತೆಯ ಫೋನೂ ಬಂತು. "ಅಳಿಯಂದ್ರೇ, ಸಿದ್ದರಾಜು ಕಡೆ ಸೂರ್ಯ ಎಷ್ಟು ಚೆಂದಾಗಿ ಮುಳುಗ್ತಾ ಅವ್ನೆ! ನಿಮ್ ಕಡೆ ಮುಳುಗಾಕಿಲ್ವಾ?"

ನಾನು ಊಟ ಮಾಡಲಿಲ್ಲ. (ಮಾಡಿದೆ, ಆದರೆ ರುಚಿ ಹತ್ತಲಿಲ್ಲ.) ತೊಡೆ ಪೀಸು ಹೋಗಿತ್ತು, ಕೂದಲು ಹೋಗಿತ್ತು, ಈಗ ಸೂರ್ಯನೂ ಅವನ ಪಾಲಾಗಿದ್ದ. ಮಾರನೆಯ ದಿನ ಗೋವಾದಲ್ಲಿ ಎಲ್ಲರೂ ಚರ್ಚು, ಬೀಚು ಎಂದು ಓಡಾಡುತ್ತಿದ್ದರೆ ನಾನು ಆ ಬಲಗಡೆ ಬಾಲ್ಕನಿಯ ಚಿಂತೆಯಲ್ಲೇ ಇದ್ದೆ. ಹಡಗು ವಾಪಸು ಹೊರಡುವ ಹೊತ್ತಿಗೆ ಬಾಯಿಬಿಟ್ಟೆ.

"ಸಿದ್ದರಾಜು, ಇವತ್ತು ರೂಮು ಅದಲುಬದಲು ಮಾಡ್ಕೊಳನ. ನಿಮ್ಮತ್ತಿಗೆಗೆ ಆಸೆ ಕಣಪ್ಪ."

"ಅದಕ್ಕೇನಣ್ಣ, ತಗಳಿ" ಎಂದು ಬೀಗದ ಕಾರ್ಡು ಕೈಗಿಟ್ಟ. ಒಂದು ಮಾತಿಗಾದರೂ ಕೊಸರಾಡಬಾರದೇ! ಅದಕ್ಕೂ ಹೊಟ್ಟೆ ಉರಿಯಿತು.

ನಾಗಲಕ್ಷ್ಮಿ ಪಕ್ಕಕ್ಕೆ ಕರೆದು, "ಸರಿಯಾಗಿ ಯೋಚ್ನೆ ಮಾಡಿದ್ರಾ?" ಎಂದಳು.

"ನಿನ್ನೆ ಎತ್ಲಾಗ್ ಮುಳುಗ್ದ ಅಂತ ನೀನೇ ನೋಡಿಲ್ವಾ? ರೇಷ್ಮೆ ಸೀರೆ ಉಟ್ಕೊ, ನಡಿ."

ಹಡಗು ದಡದಲ್ಲಿ ನಿಂತಿದ್ದಾಗ ಆ ಬಾಲ್ಕನಿಯ ತುಂಬ ಬಿಸಿಲು. ನಾನು ಹೊಸ ಕಪ್ಪು ಕನ್ನಡಕ ಹಾಕಿ, ಇದ್ದ ನಾಲ್ಕು ಕೂದಲನ್ನು ಬಾಚಿ, ಕಂಬಿ ಹಿಡಿದು ನಿಂತೆ. ಹಡಗು ಹೊರಟಿತು. ನಿಧಾನವಾಗಿ ತಿರುಗಿತು. ನನ್ನ ಮುಖದ ಮೇಲಿದ್ದ ಬಿಸಿಲು ಭುಜಕ್ಕೆ ಬಂತು, ಭುಜದಿಂದ ಗೋಡೆಗೆ ಹೋಯಿತು, ಗೋಡೆಯ ತುದಿಯಲ್ಲಿ ಒಂದು ಗಳಿಗೆ ನಿಂತು ಮಾಯವಾಯಿತು. ಎದುರಿಗೆ ನಿನ್ನೆಯ ಅದೇ ಮಸುಕು ಗೆರೆ. ಕನ್ನಡಕ ತೆಗೆದೆ. ಆಗಲೂ ಅದೇ.

ಹೆಂಡತಿ ಬಹಳ ತಣ್ಣಗಿನ ದನಿಯಲ್ಲಿ ಕೇಳಿದಳು. "ರೀ, ನರಸೀಪುರದಿಂದ ಹಾಸನಕ್ಕೆ ವಾಪಸ್ ಬರೋವಾಗ ಸಂಜೆ ಬಿಸಿಲು ಎತ್ಲಾಗ್ ಬೀಳ್ತದೆ?"

ಮೂವತ್ತು ವರ್ಷದ ಅಭ್ಯಾಸ ನೋಡಿ, ನಾನು ತಡೆಯುವ ಮೊದಲೇ ಬಾಯಿ ಹೇಳಿಬಿಟ್ಟಿತು. "ಬಾಗಿಲ ಕಡೆ."

"ಈಗ ಬಾಗಿಲ ಕಡೆ ಯಾರವ್ರೆ?"

ಹೋಗುವಾಗ ಒಂದು ಕಡೆಯಾದರೆ ಬರುವಾಗ ಇನ್ನೊಂದು ಕಡೆ ಎಂದು ಸಾವಿರ ಜನಕ್ಕೆ ಹೇಳಿಕೊಟ್ಟವನು ನಾನು. ಸಿದ್ದರಾಜುವಿನ ಮುಖ ಕಣ್ಣಿಗೆ ಅಡ್ಡ ಬಂದು ದಿಕ್ಕೇ ತಪ್ಪಿತ್ತು. ನಾಗಲಕ್ಷ್ಮಿ ಸೆರಗು ಸರಿಮಾಡಿಕೊಂಡು, "ಸರಸು ಹತ್ರ ಓಗ್ ಬತ್ತೀನಿ" ಎಂದು ಹೊರಟೇಬಿಟ್ಟಳು. ಸ್ವಲ್ಪ ಹೊತ್ತಿಗೆ ಸಿದ್ದರಾಜು ಫೋನ್ ಮಾಡಿದ. "ಅಣ್ಣ, ಬನ್ನಿ, ಸೂರ್ಯ ಮುಳುಗ್ತಾ ಅವ್ನೆ. ನಿಮಗೂ ಕುರ್ಚಿ ಹಾಕಿದೀನಿ."

"ಬ್ಯಾಡಪ್ಪ, ಇಲ್ಲಿ ನೆರಳು ಚೆನ್ನಾಗೈತೆ" ಎಂದೆ.

ಆಮೇಲೆ ಬಂದ ಸ್ಟೇಟಸ್ಸಿನಲ್ಲಿ ಕೆಂಪು ಸಮುದ್ರ, ಮೂರು ಜನ, ಒಂದು ಖಾಲಿ ಕುರ್ಚಿ. ಕೆಳಗೆ ಬರೆದಿದ್ದ: 'ಅಣ್ಣ ಬಿಟ್ಟುಕೊಟ್ಟ ರೂಮಿನಿಂದ.' ಅತ್ತೆ ಅದಕ್ಕೆ ಏಳು ಹೃದಯ ಒತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿರಲಿಲ್ಲ. ಮೊನ್ನೆ ಬೆಳಿಗ್ಗೆ ನರಸೀಪುರದ ಮದುವೆಗೆಂದು ಹಾಸನದ ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟ ನಾಗಲಕ್ಷ್ಮಿ ನಿಂತಳು. ನಾನು ಪಕ್ಕದಲ್ಲೇ ಇದ್ದೆ, ಗಂಟಲು ಸರಿಮಾಡಿಕೊಂಡು ಸಿದ್ಧನಾದೆ. ಅವಳು ಫೋನ್ ತೆಗೆದು ಕಿವಿಗಿಟ್ಟಳು.

"ಸಿದ್ದರಾಜು, ಬೆಳಿಗ್ಗೆ ಬಸ್ಸಿಗೆ ನರಸೀಪುರಕ್ಕೆ ಹೊಂಟಿವ್ನಿ ಕಣಪ್ಪ. ಎತ್ಲಾಗ್ ಕೂರ‍್ಲಿ?"

"ಡ್ರೈವರ್ ಕಡೆ ಕೂತ್ಕೊಳಿ ಅತ್ಗೆ" ಎಂದದ್ದು ನನಗೂ ಕೇಳಿಸಿತು. ಸರಿಯಾಗಿಯೇ ಹೇಳಿದ್ದ.