ಅಂಚೆಯಣ್ಣನ ಅಡ್ಡಿ

ತಪ್ಪೆಲ್ಲ ‘ಎದ್ದು ನಿಂತು’ ಎಂಬ ಎರಡು ಪದಗಳದ್ದು. ಅಂಚೆಯಣ್ಣನದು ಏನೂ ಇಲ್ಲ.

ವಾರಕ್ಕೆ ಆರು ದಿನ ಊರಿನ ಓಣಿ ಓಣಿ ಸುತ್ತಿ ಕಾಗದ ಹಂಚುವ ಮನುಷ್ಯ ಅವನು. ಏಳನೆಯ ದಿನ ದೇವರೇ ದಣಿವಾರಿಸಿಕೊಂಡ ಮೇಲೆ ತನ್ನದೇನು ಹೆಚ್ಚುಗಾರಿಕೆ ಎಂಬುದು ಅವನ ವಾದ. ಆದರೆ ಆ ವಿಶ್ರಾಂತಿಯನ್ನು ಅವನು ಮನೆಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಚರ್ಚಿನ ಐದನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಪಾದ್ರಿ ಅಯ್ಯನವರು ಬೋಧನೆಯ ಪ್ರಸಂಗ ಶುರುಮಾಡಿದ ಕೂಡಲೇ ತೆಗೆದುಕೊಳ್ಳುತ್ತಿದ್ದ. ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಅವನ ಕಾಲುಗಳು ಒಂದು ವಿದ್ಯೆ ಕಲಿತುಬಿಟ್ಟಿದ್ದವು. ಪ್ರಸಂಗ ಮುಗಿಸಿ ಅಯ್ಯನವರು ‘ಎಲ್ಲರೂ ಎದ್ದು ನಿಂತು ಹಾಡೋಣ’ ಎಂದರೆ ಸಾಕು, ಮಿಕ್ಕ ಮೈ ನಿದ್ದೆಯಲ್ಲಿದ್ದರೂ ಕಾಲುಗಳು ಎದ್ದು ನಿಲ್ಲುತ್ತಿದ್ದವು. ಕಣ್ಣು ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತಿತ್ತು.

ಈ ಗುಟ್ಟು ರಟ್ಟಾದದ್ದು ಹೋದ ತಿಂಗಳು. ಪ್ರಸಂಗದ ನಡುವೆ ಅವನು ಹೊಡೆದ ಒಂದು ಗೊರಕೆಗೆ ಹಿಂದಿನ ಬೆಂಚಿನ ಕೂಸು ಬೆಚ್ಚಿಬಿದ್ದು ಅಳತೊಡಗಿತು. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವಳು, ಗಾಯನವೃಂದವನ್ನು ಬೆರಳ ತುದಿಯಲ್ಲಿ ಕುಣಿಸುವವಳು ಅವನ ಹೆಂಡತಿಯೇ. ಮನೆಗೆ ಬಂದವಳು ಕೂಗಾಡಲಿಲ್ಲ. ಇನ್ನೊಂದು ಸಲ ನಿದ್ದೆ ಮಾಡಿದ್ದು ಗೊತ್ತಾದರೆ ಗಾಯನವೃಂದಕ್ಕೆ ಸೇರಿಸಿಬಿಡುತ್ತೇನೆ, ಜನರ ಕಡೆ ಮುಖಮಾಡಿ ಕೂತರೆ ಹೇಗೆ ನಿದ್ದೆ ಬರುತ್ತದೋ ನೋಡೋಣ ಎಂದಳು, ಅಷ್ಟೇ.

ಗಾಯನವೃಂದದ ಅಭ್ಯಾಸ ಶನಿವಾರ ಮಧ್ಯಾಹ್ನ. ಶನಿವಾರ ಮಧ್ಯಾಹ್ನ ಅಂಚೆಯಣ್ಣ ಸೈಕಲ್ ಅಂಗಡಿಯಲ್ಲಿ ಕೇರಂ ಆಡುವ ಹೊತ್ತು. ಸ್ವರ್ಗದ ಬಗ್ಗೆ ಅಯ್ಯನವರು ಏನೇ ಹೇಳಲಿ, ಅವನ ಮಟ್ಟಿಗೆ ಅದು ಸೈಕಲ್ ಅಂಗಡಿಯ ಹಿಂಭಾಗದಲ್ಲಿ, ನಾಲ್ಕು ಸ್ಟೂಲುಗಳ ನಡುವೆ ಇತ್ತು. ಸಾಲದ್ದಕ್ಕೆ ಅವನು ಬಾಯಿ ತೆಗೆದು ಹಾಡಿದರೆ ಗಾಯನವೃಂದದವರೇ ರಾಜೀನಾಮೆ ಕೊಡುವ ಹಾಗಿತ್ತು. ಹೀಗಾಗಿ ಮೂರು ಭಾನುವಾರ ತೊಡೆ ಚಿವುಟಿಕೊಂಡು ಎಚ್ಚರವಿದ್ದ. ನಾಲ್ಕನೆಯ ಭಾನುವಾರ ತೊಡೆಯೂ ಮರಗಟ್ಟಿತು.

ಅಂದು ಪ್ರಸಂಗ ಮುಗಿಸಿದ ಅಯ್ಯನವರು ಹಾಡಿಗೆ ಮೊದಲು ಮದುವೆಯ ಪ್ರಕಟಣೆ ಓದಿದರು. ಮದುವೆಯಾಗುವ ಗಂಡು ಹೆಣ್ಣಿನ ಹೆಸರನ್ನು ಮೂರು ಭಾನುವಾರ ಸಭೆಯ ಮುಂದೆ ಓದಿ, ಯಾರದಾದರೂ ಅಡ್ಡಿ ಇದೆಯೇ ಎಂದು ಕೇಳುವುದು ಅಲ್ಲಿಯ ಕ್ರಮ. ಯಾರೂ ಅಡ್ಡಿ ಹೇಳುವುದಿಲ್ಲ. ದಾರಿಯಲ್ಲಿ ಸಿಕ್ಕವರನ್ನು ‘ಊಟ ಆಯ್ತಾ’ ಎಂದು ಕೇಳಿದಂತೆ ಅದು, ಉತ್ತರಕ್ಕೆ ಕಾಯುವ ಪ್ರಶ್ನೆಯಲ್ಲ. ಗಂಡು ಆಸ್ಪತ್ರೆಯ ಕಂಪೌಂಡರ್, ಹೆಣ್ಣು ಹೆಡ್‌ಮಾಸ್ಟರರ ಮಗಳು, ಶಿಶುಶಾಲೆಯ ಟೀಚರ್. ಮದುವೆ ಬುಧವಾರ. ಇದು ಮೂರನೆಯ ಮತ್ತು ಕೊನೆಯ ಓದು.

‘ಈ ವಿವಾಹಕ್ಕೆ ಅಡ್ಡಿಯನ್ನು ಬಲ್ಲವರು ಯಾರಾದರೂ ಇದ್ದರೆ, ಈಗಲೇ ಎದ್ದು ನಿಂತು ತಿಳಿಸಬೇಕು’ ಎಂದರು ಅಯ್ಯನವರು.

ಅಂಚೆಯಣ್ಣ ಎದ್ದು ನಿಂತ.

ನಿಂತದ್ದಷ್ಟೇ ಅಲ್ಲ, ಹಾಡಲು ಗಂಟಲನ್ನೂ ಸರಿಮಾಡಿಕೊಂಡ. ಆಮೇಲೆ ಕಣ್ಣು ಬಂದು ಸೇರಿಕೊಂಡಿತು. ನೋಡಿದರೆ ನಿಂತವನು ತಾನೊಬ್ಬನೇ. ಮುನ್ನೂರು ತಲೆಗಳು ಅವನ ಕಡೆ ತಿರುಗಿವೆ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಕಾಲಿಗೆ ಬುದ್ಧಿ ಹೇಳುತ್ತಾರೆ, ಇವನಿಗೆ ಕಾಲೇ ಕೈಕೊಟ್ಟಿತ್ತು. ಮೂವತ್ತು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಉತ್ತರ ಸಿಕ್ಕಿದ ಅಯ್ಯನವರು ತಡವರಿಸುತ್ತಾ, ‘ಏನಪ್ಪಾ… ಏನು ನಿನ್ನ ಅಡ್ಡಿ?’ ಎಂದು ಕೇಳಿದರು.

ನಿದ್ದೆ ಮಾಡುತ್ತಿದ್ದೆ ಎಂದರೆ ಮುಗಿದಿತ್ತು. ಸಭೆ ನಕ್ಕು ಸುಮ್ಮನಾಗುತ್ತಿತ್ತು. ಆದರೆ ಹಾರ್ಮೋನಿಯಂ ಮೇಲಿಂದ ಹೆಂಡತಿಯ ಎರಡು ಕಣ್ಣುಗಳು ನೆಟ್ಟ ನೋಟದಿಂದ ನೋಡುತ್ತಿದ್ದವು. ಅಂಚೆಯಣ್ಣನಿಗೆ ಕೇರಂ ಬೋರ್ಡು ಕಣ್ಣ ಮುಂದೆ ಬಂತು.

‘ಆಮೇಲೆ ಹೇಳ್ತೀನಿ’ ಎಂದು ಕೂತುಬಿಟ್ಟ.

ಆ ಎರಡು ಮಾತು ಬೆಂಕಿಗೆ ತುಪ್ಪ ಹೊಯ್ದವು. ಆಶೀರ್ವಾದ ಮುಗಿಯುವಷ್ಟರಲ್ಲಿ ಊರಿಗೆ ಊರೇ ಒಂದು ತೀರ್ಮಾನಕ್ಕೆ ಬಂದಿತ್ತು: ಅಂಚೆಯವನಿಗೆ ಯಾವುದೋ ಕಾಗದದ ಗುಟ್ಟು ಗೊತ್ತಿದೆ. ಬಾಗಿಲಲ್ಲೇ ಬೇಕರಿ ಅಕ್ಕ ಅವನನ್ನು ಅಡ್ಡಗಟ್ಟಿದಳು. ಊರಿನ ಬ್ರೆಡ್ಡೂ ಸುದ್ದಿಯೂ ಬೇಯುವುದು ಅವಳ ಒಲೆಯಲ್ಲೇ. ಗಂಡಿಗೆ ಬೇರೆ ಊರಲ್ಲಿ ಹೆಂಡತಿ ಇದ್ದಾಳೆಯೇ, ಇಲ್ಲ ಹೆಣ್ಣಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ, ಎರಡರಲ್ಲಿ ಒಂದಕ್ಕೆ ತಲೆಯಾಡಿಸಿದರೆ ಸಾಕು ಎಂದು ಗೋಗರೆದಳು. ಅಂಚೆಯಣ್ಣ ಎರಡಕ್ಕೂ ಇಲ್ಲವೆಂದು ತಲೆಯಾಡಿಸಿದ. ಹಾಗಾದರೆ ಇದಕ್ಕಿಂತ ದೊಡ್ಡದೇ ಇರಬೇಕು ಎಂದುಕೊಂಡು ಅವಳು ಸರಸರನೆ ಹೊರಟುಹೋದಳು.

ಹೆಂಡತಿ ಮಾತ್ರ ದಾರಿಯುದ್ದಕ್ಕೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಗೆ ಬಂದು ಟೀ ಮಾಡಿಕೊಟ್ಟಳು. ಕೇಳದೆ ಕೊಟ್ಟ ಟೀಯನ್ನು ಅಂಚೆಯಣ್ಣ ಅನುಮಾನದಿಂದ ಮೂಸಿ ನೋಡಿದ.

ಕಪ್ಪು ಕೆಳಗಿಡುವ ಮೊದಲೇ ಹಿತ್ತಿಲ ಬಾಗಿಲು ಸದ್ದಾಯಿತು. ಕಂಪೌಂಡರ್ ನಿಂತಿದ್ದ. ಹೊಡೆಯಲು ಬಂದಿರಬೇಕೆಂದು ಅಂಚೆಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಅವನು ಹೊಡೆಯುವ ಬದಲು ಕೈಮುಗಿದ.

‘ಅಣ್ಣಾ, ಪಾರ್ಸಲ್ ಒಡೆದು ಸೋರಿತ್ತು ಅಂತ ನನಗೆ ಆವತ್ತೇ ಅನುಮಾನ ಇತ್ತು. ವಾಸನೆಯಲ್ಲೇ ನಿಮಗೆ ಗೊತ್ತಾಗಿರತ್ತೆ. ದಯವಿಟ್ಟು ಅವಳಿಗೆ ಹೇಳ್ಬೇಡಿ.’

ತಿಂಗಳಿಗೊಂದು ಬಾಟಲಿಯಂತೆ ಅವನು ಕೂದಲು ಬೆಳೆಯುವ ಎಣ್ಣೆ ತರಿಸುತ್ತಿದ್ದನಂತೆ. ಹನ್ನೊಂದು ಬಾಟಲಿ ಮುಗಿದಿದ್ದವು, ಕೂದಲು ಬೆಳೆದದ್ದು ಬಾಟಲಿ ಹಿಡಿದ ಅಂಗೈಯಲ್ಲೂ ಇಲ್ಲ. ನೆತ್ತಿಯ ಬಯಲು ಕಾಣದಂತೆ ಎಡಗಡೆಯ ಕೂದಲನ್ನು ಬಲಗಡೆಗೆ ವರ್ಗ ಮಾಡಿಸಿಕೊಂಡಿದ್ದ. ಗಾಳಿ ಬೀಸಿದ ದಿನ ಟೀಚರ್ ಎದುರಿಗೆ ಬಂದರೆ ಓಣಿ ಬದಲಾಯಿಸುತ್ತಿದ್ದನಂತೆ. ಅಂಚೆಯಣ್ಣನಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಹಾಗೆ ಹೇಳಹೋದರೆ ಕಂಪೌಂಡರ್ ಅವನ ಎರಡೂ ಕೈ ಹಿಡಿದುಕೊಂಡು, ‘ನೀವು ದೊಡ್ಡವರು, ಗೊತ್ತಿಲ್ಲ ಅಂತಲೇ ಇರಿ’ ಎಂದು ಕಣ್ಣೊರೆಸಿಕೊಂಡು ಹೋದ.

ಅವನು ಹಿತ್ತಿಲಿಂದ ಹೋದ, ಟೀಚರ್ ಮುಂಬಾಗಿಲಿಂದ ಬಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆ ಸುಳ್ಳಲ್ಲ. ಆದರೆ ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ, ಸುಮ್ಮನೆ ಒಬ್ಬ ಎದ್ದು ನಿಂತಿದ್ದ. ಟೀಚರ್ ಕೂತು ಸೆರಗಿನ ತುದಿ ಸುತ್ತುತ್ತಾ, ಆ ಹಳದಿ ಲಕೋಟೆಗಳ ವಿಷಯ ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಅದು ಅಂಚೆಯ ಮೂಲಕ ಅಡುಗೆ ಕಲಿಸುವ ಸಂಸ್ಥೆಯ ಲಕೋಟೆ. ಗಂಡಿನ ಕಡೆಯವರು ನೋಡಲು ಬಂದ ದಿನ ಬೇಕರಿಯ ಕೇಕನ್ನು ತಟ್ಟೆಗೆ ಹಾಕಿ ತಾನೇ ಮಾಡಿದ್ದೆಂದು ಕೊಟ್ಟಿದ್ದಳು. ಕಂಪೌಂಡರ್ ಮೂರು ತುಂಡು ತಿಂದು, ಇಂಥ ಕೈ ಸಿಗಲು ಪುಣ್ಯ ಬೇಕು ಎಂದಿದ್ದ. ಅಂದಿನಿಂದ ಅವಳ ನಿದ್ದೆ ಹೋಗಿತ್ತು.

‘ಏಳನೇ ಪಾಠ ಬಂದಿದೆ ಅಂಚೆಯಣ್ಣಾ. ಮೊಟ್ಟೆ ಬೇಯಿಸೋದು. ಮದುವೆ ಹೊತ್ತಿಗೆ ಅನ್ನದ ತನಕ ಬಂದ್ಬಿಡ್ತೀನಿ ಅಂದ್ಕೊಂಡಿದ್ದೆ’ ಎಂದು ಅತ್ತುಬಿಟ್ಟಳು. ಗಂಡಿನ ಕಡೆಯ ನೆಂಟರು ಅಡ್ಡಿ ಏನೆಂದು ತಿಳಿಯದಿದ್ದರೆ ಸಂಜೆಯ ಬಸ್ಸಿಗೇ ವಾಪಸು ಹೋಗುತ್ತೇವೆ ಎನ್ನುತ್ತಿದ್ದಾರೆ, ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ ಎಂದೂ ಹೇಳಿದಳು.

ಆ ಹುಡುಗಿ ಲಂಗ ಹಾಕುತ್ತಿದ್ದ ಕಾಲದಿಂದ ಅವಳ ಮನೆಗೆ ಕಾಗದ ಕೊಟ್ಟವನು ಅಂಚೆಯಣ್ಣ. ತನ್ನ ಶನಿವಾರ ಉಳಿಸಿಕೊಳ್ಳಲು ಅವಳ ಬುಧವಾರ ಹಾಳುಮಾಡುವುದೇ? ಆಗಲಿ, ಅಯ್ಯನವರೊಬ್ಬರ ಕಿವಿಯಲ್ಲಿ ಮಾತ್ರ ನಿಜ ಹೇಳಿಬಿಡೋಣ, ಅವರು ಗುಟ್ಟು ಬಿಡುವವರಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿ ಅವರ ಮನೆಗೆ ಓಡಿದ.

ಅಯ್ಯನವರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿದರು. ಆಮೇಲೆ ಅವನಿಗೆ ಬಾಯಿ ತೆರೆಯಲು ಬಿಡದೆ ತಾವೇ ಶುರುಮಾಡಿದರು.

‘ನೋಡಪ್ಪಾ, ನೀನು ನಿಂತಿದ್ದು ಮದುವೆಗಲ್ಲ, ನನ್ನ ಪ್ರಸಂಗಕ್ಕೆ ಅಂತ ನನಗೆ ಗೊತ್ತು.’

ಪ್ರತಿ ತಿಂಗಳು ಕಂದು ಬಣ್ಣದ ಲಕೋಟೆಯಲ್ಲಿ ಅವರಿಗೆ ನಾಲ್ಕು ಪ್ರಸಂಗಗಳು ಅಂಚೆಯಲ್ಲೇ ಬರುತ್ತಿದ್ದವು, ತಂದುಕೊಡುತ್ತಿದ್ದವನು ಅಂಚೆಯಣ್ಣನೇ. ವಯಸ್ಸಾಯಿತು, ಹೊಸದು ಹೊಳೆಯುವುದಿಲ್ಲ ಎಂದರು. ಇಂದು ಎರಡು ಹಾಳೆ ಅಂಟಿಕೊಂಡು, ಬೈಬಲಿನ ಎರಡು ಬೇರೆ ಬೇರೆ ಕತೆ ಒಂದಾಗಿ, ಜಲಪ್ರಳಯದಲ್ಲಿ ಹಡಗು ಹತ್ತಿದ ಭಕ್ತ ನೇರವಾಗಿ ಸಿಂಹದ ಗವಿಯಲ್ಲಿ ಇಳಿದುಬಿಟ್ಟಿದ್ದ. ಅದು ಗೊತ್ತಾದಾಗ ಅಯ್ಯನವರು ತಲೆಯೆತ್ತಿ ನೋಡಿದ್ದರು. ಸಭೆಯಲ್ಲಿ ಒಂದು ಹುಬ್ಬೂ ಮೇಲೇಳಲಿಲ್ಲ.

‘ಮುನ್ನೂರು ಜನರಲ್ಲಿ ಅದನ್ನ ಹಿಡಿದವನು ನೀನೊಬ್ಬನೇ. ಹಿಡಿದೂ ನನ್ನ ಮಾನ ಕಳೀಬಾರದು ಅಂತ ಆಮೇಲೆ ಹೇಳ್ತೀನಿ ಅಂದೆ. ಮೂವತ್ತು ವರ್ಷ ಪ್ರಸಂಗ ಮಾಡಿದ್ದಕ್ಕೆ ಎಚ್ಚರವಾಗಿ ಕೇಳಿದವನು ಒಬ್ಬನಾದರೂ ಇದ್ದ. ನನಗಿಷ್ಟು ಸಾಕು’ ಎಂದು ಅವನ ಹೆಗಲ ಮೇಲೆ ಕೈಯಿಟ್ಟರು.

ಅಂಚೆಯಣ್ಣನ ಬಾಯಿಗೆ ಬಂದಿದ್ದ ನಿಜ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಂಜೆಯ ಆರಾಧನೆಯಲ್ಲಿ ಅವನು ಸಭೆಯ ಮುಂದೆ ಒಂದು ಮಾತು ಹೇಳಲೇಬೇಕು, ಇಲ್ಲವಾದರೆ ನಿಯಮದ ಪ್ರಕಾರ ಮದುವೆ ನಿಲ್ಲುತ್ತದೆ ಎಂದು ಅಯ್ಯನವರು ಹೇಳಿದರು. ಪ್ರಸಂಗದ ವಿಷಯ ಎತ್ತಬೇಡ ಎಂದು ಅವರ ಕಣ್ಣು ಹೇಳಿತು.

ಸಂಜೆಯ ಆರಾಧನೆಗೆ ಸಾಮಾನ್ಯವಾಗಿ ಇಪ್ಪತ್ತು ಜನ ಬರುತ್ತಾರೆ. ಅಂದು ಕೂರಲು ಜಾಗವಿರಲಿಲ್ಲ. ಎಂದೋ ಚರ್ಚು ಬಿಟ್ಟವರೂ ಭಕ್ತಿ ಉಕ್ಕಿ ಬಂದು ಗೋಡೆಗೆ ಒರಗಿ ನಿಂತಿದ್ದರು. ಬೇಕರಿ ಅಕ್ಕ ಮೊದಲ ಬೆಂಚು ಹಿಡಿದಿದ್ದಳು. ಗಂಡಿನ ಕಡೆಯವರು ಚೀಲಗಳನ್ನು ಕಾಲ ಬಳಿಯೇ ಇಟ್ಟುಕೊಂಡು ಕೂತಿದ್ದರು. ಟೀಚರ್ ಕಣ್ಣು ಕೆಂಪಗಿತ್ತು.

ಆ ಕೆಂಪು ಕಣ್ಣು ನೋಡಿ ಅಂಚೆಯಣ್ಣ ಎಲ್ಲ ಲೆಕ್ಕವನ್ನೂ ಬಿಟ್ಟುಬಿಟ್ಟ. ಕೇರಂ ಹೋದರೆ ಹೋಗಲಿ ಎಂದು, ಈ ಸಲ ಪೂರ್ತಿ ಎಚ್ಚರದಲ್ಲಿ, ಎದ್ದು ನಿಂತ.

‘ನನಗೆ ಈ ಮದುವೆಗೆ ಯಾವ ಅಡ್ಡಿನೂ ಇಲ್ಲ. ಬೆಳಿಗ್ಗೆ ನಾನು ನಿದ್ದೆ ಮಾಡ್ತಿದ್ದೆ. ಎದ್ದು ನಿಂತು ಅನ್ನೋದಷ್ಟೇ ಕಿವಿಗೆ ಬಿತ್ತು, ಹಾಡೋಕೆ ಅಂತ ನಿಂತೆ. ಹೇಳೋಕೆ ನಾಚಿಕೆ ಆಯ್ತು. ತಪ್ಪಾಯ್ತು, ಎಲ್ರೂ ಕ್ಷಮಿಸ್ಬೇಕು.’

ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಈತ ಬೆಳಿಗ್ಗೆ ನನ್ನ ಪ್ರಸಂಗನ ಅಕ್ಷರ ಅಕ್ಷರ ಕೇಳಿಸಿಕೊಂಡಿದ್ದಾನೆ, ಅದಕ್ಕೆ ನಾನೇ ಸಾಕ್ಷಿ. ಇನ್ನೊಬ್ಬರ ಮಾನ ಉಳೀಲಿ ಅಂತ ತನ್ನ ಮಾನ ಕಳ್ಕೊಳ್ತಿದ್ದಾನೆ. ಈ ಕಾಲದಲ್ಲೂ ಇಂಥವರು ಇದ್ದಾರೆ.’

ಇಲ್ಲ, ನಾನು ನಿಜವಾಗಿಯೂ ಮಲಗಿದ್ದೆ ಎಂದು ಅಂಚೆಯಣ್ಣ ಇನ್ನೊಮ್ಮೆ ಹೇಳಿದ. ಅಂದಷ್ಟೂ ಜನರ ಕಣ್ಣು ತೇವವಾಯಿತು. ಮೂಗು ಸೊರಗುಟ್ಟಿಸಿದ ಬೇಕರಿ ಅಕ್ಕ, ಅಂಚೆಯವನ ಬಾಯಿ ಅಂಚೆ ಡಬ್ಬಿ ಇದ್ದ ಹಾಗೆ, ಹಾಕಬಹುದೇ ಹೊರತು ತೆಗೆಯೋಕಾಗಲ್ಲ ಎಂದು ಪಕ್ಕದವಳಿಗೆ ಹೇಳಿದಳು. ಅಷ್ಟರಲ್ಲಿ ಕಂಪೌಂಡರ್ ತಾಳಲಾರದೆ ಎದ್ದ. ಈ ಪುಣ್ಯಾತ್ಮನಿಗೆ ನನ್ನಿಂದಾಗಿ ಸುಳ್ಳು ಹೇಳಬೇಕಾಗಿ ಬಂದಿದೆ ಎಂದು ಹೇಳಿ, ಬಲಗಡೆಗೆ ವರ್ಗವಾಗಿದ್ದ ಕೂದಲನ್ನೆಲ್ಲ ಒಂದೇ ಸಲ ಎಡಗಡೆಗೆ ವಾಪಸು ಕಳಿಸಿದ. ನೆತ್ತಿ ದೀಪದ ಬೆಳಕಿಗೆ ಮಿರಮಿರ ಮಿಂಚಿತು. ಟೀಚರ್ ಅದನ್ನು ನೋಡಿ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು. ನಗುತ್ತಲೇ ಎದ್ದು ನಿಂತು ಕೇಕಿನ ಕತೆಯನ್ನೂ ಮೊಟ್ಟೆಯ ಪಾಠವನ್ನೂ ಹೇಳಿದಳು. ನನಗೆ ಮೊಟ್ಟೆ ಬೇಯಿಸೋದು ಬರತ್ತೆ ಎಂದ ಕಂಪೌಂಡರ್. ಇಡೀ ಚರ್ಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಡಿನ ಕಡೆಯವರು ಚೀಲಗಳನ್ನು ಬೆಂಚಿನ ಕೆಳಗೆ ತಳ್ಳಿದರು. ಆ ಉತ್ಸಾಹದಲ್ಲಿ ಅಯ್ಯನವರು ಕೂಡ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಯೋಚಿಸಿ, ಮದುವೆಗೆ ಅಡ್ಡಿ ಇಲ್ಲವೆಂದು ಸಾರಿ, ಹಾಡಿನ ಸಂಖ್ಯೆ ಹೇಳಿದರು.

ಅಂಚೆಯಣ್ಣನ ಮೈ ಹತ್ತಿಯಷ್ಟು ಹಗುರವಾಗಿತ್ತು. ನಿಜವನ್ನೂ ಹೇಳಿಯಾಯಿತು, ಯಾರೂ ನಂಬಲೂ ಇಲ್ಲ! ಹುಡುಗಿಗೆ ಬುಧವಾರ ಉಳಿಯಿತು, ತನಗೆ ಶನಿವಾರ ಉಳಿಯಿತು. ಹಾರ್ಮೋನಿಯಂ ಹಿಂದೆ ಹೆಂಡತಿಯೂ ಎಲ್ಲರ ಜೊತೆ ನಗುತ್ತಿದ್ದಳು. ಅವನು ಅಂದು ಎಂದಿಲ್ಲದಷ್ಟು ಜೋರಾಗಿ ಹಾಡಿದ.

ಮನೆಯ ದಾರಿಯಲ್ಲಿ ಕೈಕುಲುಕುವವರ ಗುಂಪು ಕರಗಿದ ಮೇಲೆ ಹೆಂಡತಿ ಮೆಲ್ಲಗೆ ಮಾತು ತೆಗೆದಳು.

‘ಇಡೀ ಊರಲ್ಲಿ ನಿಮ್ಮ ಮಾತು ನಂಬಿದವಳು ನಾನೊಬ್ಬಳೇ ರೀ.’

ಅಂಚೆಯಣ್ಣ ನಿಂತಲ್ಲೇ ನಿಂತ.

‘ನಂಬೋದೇನು, ಬೆಳಿಗ್ಗೆನೇ ಗೊತ್ತಿತ್ತು. ನೀವು ಎದ್ದಾಗ ನನ್ನ ಕಡೆಯಿದ್ದ ಕೆನ್ನೆ ಮೇಲೆ ನೀವು ಒರಗಿದ್ದ ಕಿಟಕಿಯ ಎರಡು ಸರಳು ಅಚ್ಚೊತ್ತಿದ್ವು.’

ಹಾಗಾದರೆ ಬೆಳಗಿನಿಂದ ತಾನು ಪಟ್ಟ ಪಾಡೆಲ್ಲ ಯಾಕೆ, ಆಗಲೇ ಕೇಳಬಾರದಿತ್ತೇ ಎಂದು ಅವನು ಅಳುವ ದನಿಯಲ್ಲಿ ಕೇಳಿದ.

‘ಕೇಳಿದ್ರೆ ಸುಳ್ಳು ಹೇಳ್ತಿದ್ರಿ. ಭಾನುವಾರದ ದಿನ ನಿಮ್ಮ ಕೈಲಿ ಯಾಕೆ ಸುಳ್ಳು ಹೇಳಿಸ್ಲಿ?’ ಎಂದು ಅವಳು ಪ್ರೀತಿಯಿಂದಲೇ ಅವನ ತೋಳು ಹಿಡಿದುಕೊಂಡಳು. ‘ಹಾಂ, ಶನಿವಾರದ ತನಕ ಕಾಯೋ ಹಾಗಿಲ್ಲ. ಮದುವೆಗೆ ಆರು ಹಾಡು ಇವೆ. ನಾಳೆಯಿಂದ ದಿನಾ ಸಂಜೆ ಅಭ್ಯಾಸ. ಹಿಂದಿನ ಸಾಲಲ್ಲಿ ನಿಮಗೆ ಜಾಗ ಇಟ್ಟಿದೀನಿ.’

ತಾನು ಹಾಡಬೇಕಾದ ಆ ಮದುವೆಗೆ ಒಂದು ನಿಜವಾದ ಅಡ್ಡಿ ಅಂಚೆಯಣ್ಣನಿಗೆ ಹೊಳೆದದ್ದು ಆಗಲೇ. ಆದರೆ ಮೂರನೆಯ ಪ್ರಕಟಣೆ ಮುಗಿದುಹೋಗಿತ್ತು.