ಬೆಲ್ಲನ ನಮಸ್ಕಾರ

ನಾಯಿ ಸಾಕಿದ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿಯ ಪ್ರಸಂಗ ನಡೆಯದಿದ್ದರೆ ನಾಯಿಗೆ ಹುಷಾರಿಲ್ಲ ಎಂದೇ ಅರ್ಥ. ನಮ್ಮ ಬೆಲ್ಲನ ಆರೋಗ್ಯ ಯಾವತ್ತೂ ಕೆಟ್ಟಿದ್ದಿಲ್ಲ.

೧. ಯಾವ ಭಾಷೆ?

ಬೆಲ್ಲ ಹೊಸೂರಿನಿಂದ ಸೂಳಗಿರಿ ಪಕ್ಕದ ನಮ್ಮೂರಿಗೆ ಬಂದ ಮರಿ. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಪ್ಪ "ಬಾರ್ಲಾ" ಅಂದ. ತಮಿಳರ ಮನೆಯ ಮರಿಯಲ್ಲವೇ ಎಂದು ನಾನು "ಇಂಗೆ ವಾಡಾ" ಅಂದೆ. ಪಕ್ಕದ ಮನೆಯ ತೆಲುಗು ಅಜ್ಜಿ "ಇಟ್ಲ ರಾರಾ" ಅಂದಳು. ಅವನು ಯಾರ ಕರೆಗೂ ಓಗೊಡದೆ, ಮುಂಗಾಲು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮಾತ್ರ ಮೇಲೆತ್ತಿ ಅಮ್ಮನ ಮುಂದೆ ನಿಂತ.

ನಾಯಿ ಎಂದರೆ ಆಗದ ಅಮ್ಮ ಕರಗಿಹೋದಳು. "ನಂಗೆ ನಮಸ್ಕಾರ ಮಾಡ್ತಾವ್ನೆ ಕಣೆ! ನಿಮ್ಗಿಂತ ಇವ್ನೇ ವಾಸಿ." ಆಶೀರ್ವಾದ ಮಾಡಲು ಬಗ್ಗಿದ್ದೇ ತಡ, ಅವಳ ಕೈಯಲ್ಲಿದ್ದ ಟವೆಲ್ ಕಿತ್ತುಕೊಂಡು ಬೇಲಿ ನುಸುಳಿದ.

"ಭಕ್ತ ಪ್ರಸಾದ ತಗೊಂಡೋದ," ಅಂದ ಅಪ್ಪ.

೨. ಒಂಟಿ ಶೂ

ನನಗೆ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟು. ಒಂದು ದಿನ ಕಂಪನಿ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಸರಿಯಾಗಿ ಬೆಲ್ಲ ನನ್ನ ಸೇಫ್ಟಿ ಶೂ ಒಂದನ್ನು ಕಚ್ಚಿಕೊಂಡು ಟೊಮೆಟೊ ತೋಟಕ್ಕೆ ಓಡಿದ. ಅಟ್ಟಿದಷ್ಟೂ ಅವನಿಗೆ ಖುಷಿ. ಮೂರನೇ ಸುತ್ತಿಗೆ ನಾನು ಎಡವಿ ಎರಡೂ ಕೈ ನೆಲಕ್ಕೂರಿದೆ. ಅವನು ಶೂ ಬಿಸಾಡಿ ಓಡಿಬಂದು ನನ್ನೆದುರಿಗೆ ತಾನೂ ಬಗ್ಗಿದ.

ಆಗ ಹೊಳೆಯಿತು. ಅದು ನಮಸ್ಕಾರವಲ್ಲ, "ಆಟಕ್ಕೆ ಬತ್ತೀಯಾ?" ಎಂಬ ಪ್ರಶ್ನೆ! ಅಟ್ಟಿದರೆ ಓಡುತ್ತಾನೆ, ನಾವೂ ಬಗ್ಗಿದರೆ ಬಾಯಲ್ಲಿದ್ದದ್ದನ್ನೂ ಬಿಟ್ಟು ಬರುತ್ತಾನೆ. ಆ ಖುಷಿಗೆ ಇನ್ನೂ ನಾಲ್ಕು ಸಲ ಬಗ್ಗಿ ಪರೀಕ್ಷೆ ಮಾಡಿದೆ. ತಲೆ ಎತ್ತಿದರೆ ಬಸ್ಸಿನ ಕಿಟಕಿ ತುಂಬ ಮುಖಗಳು.

ಡ್ರೈವರ್ ಕೂಗಿದ: "ಎನ್ನಮ್ಮಾ, ಯೋಗಾ ಮುಡಿಂಜಿಚ್ಚಾ, ಮುಗೀತಾ? ಬಸ್ಸು ಬಿಡ್ಲಾ?"

೩. ಗಂಡಿನ ಕಡೆಯವರು

ನನ್ನನ್ನು ನೋಡಲು ಡೆಂಕಣಿಕೋಟೆಯವರು ಬರುವ ದಿನ ಅಮ್ಮ ಖಡಾಖಂಡಿತವಾಗಿ ಹೇಳಿದಳು: "ಇವತ್ತೇನಾದ್ರೂ ಈ ನಾಯಿ ಮಾನ ಕಳೀತೋ, ನಾಳೆಗೇ ಜವಳಗಿರಿ ಮಾವನ ಹೊಲಕ್ಕೆ ಕಳಿಸ್ಬುಡ್ತೀನಿ." ನನಗೆ ಗಂಡಿನ ಚಿಂತೆ ಮರೆತು ಬೆಲ್ಲನ ಚಿಂತೆ ಹತ್ತಿತು. ಹಿತ್ತಲಲ್ಲಿ ಕಟ್ಟಿಹಾಕಿ, ಕೈಮುಗಿದು ಬಂದೆ.

ಗಂಡಿನ ತಾತ ಹೊಸ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಕೂತರು. ಅಷ್ಟರಲ್ಲಿ ಹಗ್ಗ ಕಡಿದುಕೊಂಡ ಬೆಲ್ಲ ಅದರಲ್ಲೊಂದನ್ನು ಕಚ್ಚಿಕೊಂಡು ಅಂಗಳದ ನಡುವೆ ನಿಂತಿದ್ದ. ಅಮ್ಮ ಸದ್ದಿಲ್ಲದೆ ಹೊರಗೆ ಹೋದಳು. ಒಂದು ಹೆಜ್ಜೆ ಮುಂದಿಟ್ಟರೆ ಅವನು ಎರಡು ಹೆಜ್ಜೆ ಹಿಂದೆ. ಕಾಫಿ ತಟ್ಟೆ ಹಿಡಿದು ಹೊಸಿಲಲ್ಲಿದ್ದ ನಾನು "ಅಮ್ಮಾ, ಅವತ್ತು ಹೇಳಿದ್ನಲ್ಲ, ಅವನಂಗೇ ಬಗ್ಗು!" ಎಂದು ಪಿಸುಗುಟ್ಟಿದೆ.

ಅಮ್ಮ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ರೇಷ್ಮೆ ಸೀರೆ ಎತ್ತಿಕಟ್ಟಿ, ಎರಡೂ ಕೈ ನೆಲಕ್ಕೂರಿ, ಹಿಂಭಾಗ ಮೇಲೆತ್ತಿದಳು. ಬೆಲ್ಲ ಚಪ್ಪಲಿಯನ್ನು ಅವಳ ಮುಂದಿಟ್ಟು ತಾನೂ ಬಗ್ಗಿದ. ನನ್ನ ಬೆಲ್ಲ ಉಳಿದ ಎಂದುಕೊಳ್ಳುವಷ್ಟರಲ್ಲಿ ತಾತ ಎದ್ದು ಬಾಗಿಲಿಗೆ ಬಂದರು.

"ಅಯ್ಯಯ್ಯೋ, ಏಳಮ್ಮ! ನನ್ ಚಪ್ಲಿಗೂ ನಮಸ್ಕಾರನಾ? ನಾಯೀಗೂ ಕಲ್ಸಿದ್ದೀರಲ್ಲ!" ಮುದುಕರ ಕಣ್ಣಲ್ಲಿ ನೀರು. "ಇಂಥ ಮನೆ ಎಲ್ ಸಿಗ್ತದೆ? ಈ ನಾಯೀನ ಎಲ್ಲೂ ಬುಡ್ಬೇಡಿ, ಮದ್ವೇಗೂ ಕರ್ಕೊಂಡ್ಬನ್ನಿ. ಅಲ್ಲಾ, ಹುಡ್ಗೀಗೂ ಹಿಂಗೇ ಕಲ್ಸಿದ್ದೀರಾ?"

ಅಮ್ಮ ಕೈಯ ಮಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ತಟ್ಟೆ ಕೆಳಗಿಡು," ಅಂದಳು. "ಬಗ್ಗು."